ಕೊನೆಯ ಆರು ನಿಮಿಷ

"ಅಣ್ಣಾ, ಬಾಯಿ ಬಿಟ್ರೆ ನೋಡು!" ಹೊರಗೆ ಅಪ್ಪನ ಬೂಟಿನ ಸದ್ದು ಕೇಳುತ್ತಲೇ ಚಿನಕುರಳಿ ಪಿಸುಗುಟ್ಟಿದಳು.

"ಮೊದಲು ನಿನ್ನ ಬಾಯಿಗೆ ಬೀಗ ಹಾಕ್ಕೋ," ಎಂದ ಅಣ್ಣ.

ಮಧ್ಯಾಹ್ನ ಫುಟ್‌ಬಾಲ್ ಫೈನಲ್ ನಡೆಯುವಾಗ ಅಪ್ಪ ಬಸ್ ಓಡಿಸುತ್ತಿದ್ದ. ಅವನಿಗಾಗಿಯೇ ಚಿನಕುರಳಿ ಎರಡು ದಿನ ಒದ್ದಾಡಿ ಹೊಸ ಪ್ಲೇಯರ್ ಜೋಡಿಸಿದ್ದಳು. ಒಳಕೋಣೆಯ ಹಳೇ ಕಂಪ್ಯೂಟರ್ ಮ್ಯಾಚನ್ನು ರೆಕಾರ್ಡ್ ಮಾಡಬೇಕು. ಟಿವಿ ಪಕ್ಕದ ಅಂಗೈಯಗಲದ ಡಬ್ಬಿ ಅದನ್ನು ವೈಫೈನಲ್ಲಿ ಎಳೆದು ತೋರಿಸಬೇಕು. ಮೊದಲ ದಿನ ಫೋಲ್ಡರೇ ಕಾಣಲಿಲ್ಲ. ಎರಡನೇ ದಿನ ಚಿತ್ರ ಬಂತು, ಸೌಂಡ್ ಬರಲಿಲ್ಲ. ಪಾಸ್‌ವರ್ಡನ್ನಂತೂ ಹನ್ನೊಂದು ಸಲ ಒತ್ತಿದ್ದಳು.

"ಯಾರಾದ್ರೂ ಸ್ಕೋರ್ ಹೇಳಿಬಿಟ್ರಾ ಅಪ್ಪಾ?" ಅಪ್ಪ ಒಳಗೆ ಬರುತ್ತಲೇ ಚಿನಕುರಳಿ ಕೇಳಿದಳು.

"ಇಲ್ಲಪ್ಪ. ಇವತ್ತು ನನ್ನ ಎರಡೂ ಕಿವಿಗೆ ರಜಾ!" ಅಪ್ಪ ಯೂನಿಫಾರ್ಮ್ ಕೂಡ ಬಿಚ್ಚದೆ ಸೋಫಾದಲ್ಲಿ ಕೂತ.

ಮ್ಯಾಚ್ ಎಲ್ಲೂ ಸಿಕ್ಕಿಕೊಳ್ಳದೆ ಓಡಿತು. ಗೋಲಾದಾಗೆಲ್ಲ ಅಪ್ಪ ಎದ್ದು ಕುಣಿದ. ಎರಡು–ಎರಡು. ಎಕ್ಸ್‌ಟ್ರಾ ಟೈಮೂ ಮುಗಿಯುತ್ತ ಬಂತು. ಇನ್ನು ಆರೇ ನಿಮಿಷ.

ಇದ್ದಕ್ಕಿದ್ದಂತೆ ಪರದೆ ಕಪ್ಪಾಯಿತು.

ಚಿನಕುರಳಿ ಡಬ್ಬಿಯ ಹತ್ತಿರ ಓಡಿದಳು. ಇರಲಿ ಅಂತ ಅರ್ಧ ಗಂಟೆ ಜಾಸ್ತಿಯೇ ಸೇರಿಸಿ ರೆಕಾರ್ಡಿಂಗ್‌ಗೆ ಟೈಮ್ ಹಾಕಿದ್ದಳು. ಅದೂ ಸಾಲದೆ ಹೋಗಿತ್ತು. ಕೊನೆಯವರೆಗೆ ಓಡಿಸಿ ನೋಡುವುದನ್ನೇ ಮರೆತಿದ್ದಳು.

"ನಾನೇ ಹಾಳು ಮಾಡ್ದೆ..." ಅವಳ ಕಣ್ಣು ತುಂಬಿತು.

"ಏ, ಅಳ್ತಾರಾ?" ಎಂದ ಅಪ್ಪ. "ನೀನು ಮಧ್ಯಾಹ್ನವೇ ಲೈವ್ ನೋಡಿದ್ದೀಯಲ್ಲ, ಕಾಮೆಂಟ್ರಿ ಹೇಳು. ಸುಮ್ನೆ ಚಿನಕುರಳಿ ಅಂತ ಕರೀತೀವಾ?"

ಅವಳು ಮೂಗೊರೆಸಿಕೊಂಡು ಟಿವಿ ಮುಂದೆ ನಿಂತಳು. ಅಣ್ಣ ದಿಂಬು ಹಿಡಿದು ಗೋಲ್‌ಕೀಪರ್ ಆದ.

"ನಮ್ಮ ಒಂಬತ್ತನೇ ನಂಬರ್‌ಗೆ ಬಾಲ್ ಸಿಕ್ತು! ಒಬ್ಬನ್ನ ದಾಟಿದ, ಇನ್ನೊಬ್ಬನ್ನ ದಾಟಿದ, ಜೋರಾಗಿ ಒದ್ದ... ಅಯ್ಯೋ, ಕಂಬಕ್ಕೆ ಬಡೀತು!"

"ವಾಪಸ್ ಬಂದಿದ್ದನ್ನ ಎಡಗಾಲಲ್ಲಿ ಹೊಡೆದ್ನಲ್ಲ, ಅದು ಶಾಟ್ ಅಂದ್ರೆ—" ಎಂದ ಅಪ್ಪ ತಟ್ಟನೆ ನಾಲಿಗೆ ಕಚ್ಚಿಕೊಂಡ. ಆಮೇಲೆ ಅಂಗಿಯ ಗುಂಡಿಯನ್ನೇ ನೋಡುತ್ತ ಕೂತ.

ಎಡಗಾಲಿನ ಮಾತು ಅವಳಿನ್ನೂ ಹೇಳಿಯೇ ಇರಲಿಲ್ಲ.

ನಲವತ್ತು ಸೀಟಿನ ಬಸ್ಸು. ಎಲ್ಲರ ಕೈಯಲ್ಲೂ ಫೋನು, ಎಲ್ಲದರಲ್ಲೂ ಅದೇ ಮ್ಯಾಚು. ಆದರೂ ಅಪ್ಪ ಇಷ್ಟು ಹೊತ್ತು ಉಗುರು ಕಚ್ಚುತ್ತ ಕೂತಿದ್ದ.

"ಅಪ್ಪಾ, ನಿಂಗೆ—" ಎಂದು ಅಣ್ಣ ಬಾಯಿ ತೆರೆದ. ಚಿನಕುರಳಿ ಅವನ ಕಾಲು ಮೆಟ್ಟಿದಳು.

"ನಡುವೆ ಬಾಯಿ ಹಾಕ್ಬೇಡಿ ಇಬ್ರೂ!" ಎಂದು ದನಿ ಏರಿಸಿದಳು. "ಬಾಲ್ ವಾಪಸ್ ಬಂತು... ಆಮೇಲೆ ಏನಾಯ್ತು ಗೊತ್ತಾ ಅಪ್ಪಾ?"

ಅಪ್ಪ ಅವಳ ಮುಖವನ್ನೇ ನೋಡಿದ. ಮೆಲ್ಲಗೆ ಮುಂದಕ್ಕೆ ಬಾಗಿದ.

"ಗೊತ್ತಿಲ್ಲ ಕಣೇ," ಎಂದ. "ಬೇಗ ಹೇಳು!"