ಸೊಂಟದ ಮಟ್ಟದ ನೀರು

ಇಷ್ಟಕ್ಕೆಲ್ಲ ಯಾರಾದರೂ ಕೊಲ್ಲುತ್ತಾರೆಯೇ ಎಂಬ ಪ್ರಶ್ನೆ ಸುಧೀಂದ್ರನಿಗೆ ಸಾಮಾನ್ಯವಾಗಿ ಹದಿನಾಲ್ಕನೆಯ ಸುತ್ತಿನಲ್ಲಿ ಬರುತ್ತಿತ್ತು. ಅಷ್ಟು ಹೊತ್ತಿಗೆ ತೋಳು ಸೋತಿರುತ್ತಿತ್ತು, ಮನಸ್ಸೂ ಮೆತ್ತಗಾಗಿರುತ್ತಿತ್ತು. ಆಸ್ಟಿನ್ ಪಕ್ಕದ ರೌಂಡ್ ರಾಕ್ ಊರಿನ ಈಜುಕೊಳದ ನೀಲಿ ತಳವನ್ನು ನೋಡುತ್ತ, ಒಬ್ಬ ಮನುಷ್ಯ ಒಂದು ತಮಾಷೆಯ ಕತೆ ಹೇಳುತ್ತಾನೆ, ಅಷ್ಟೇ ತಾನೆ, ಎಂದು ತನಗೇ ಹೇಳಿಕೊಳ್ಳುತ್ತಿದ್ದ. ಹದಿನೈದನೆಯ ಸುತ್ತಿನಲ್ಲಿ ಆ ಕತೆ ಮೊದಲಿನಿಂದ ಕೊನೆಯವರೆಗೆ ನೆನಪಾಗುತ್ತಿತ್ತು. ಹದಿನಾರಕ್ಕೆ ತೋಳಿಗೆ ಮತ್ತೆ ಬಲ ಬರುತ್ತಿತ್ತು.

ಕತೆ ಹೇಳುವವನು ಕಲ್ಮೇಶ. ಗದಗದ ಕಡೆಯವನು, ಈಗ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿ ಅಡುಗೆಮನೆಗಳಿಗೆ ಗ್ರಾನೈಟ್ ಹಾಕಿಸುವ ವ್ಯಾಪಾರ. ದೊಡ್ಡ ಮೈ, ಅದಕ್ಕಿಂತ ದೊಡ್ಡ ದನಿ. ಹನ್ನೆರಡು ವರ್ಷದ ಹಿಂದೆ ಇಬ್ಬರೂ ಆಸ್ಟಿನ್‌ನ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದಾಗ ಎರಡೂ ಸಂಸಾರಗಳು ಸ್ಯಾನ್ ಮಾರ್ಕೋಸ್ ನದಿಗೆ ಹೋಗಿದ್ದವು. ಪಾಚಿ ಹಿಡಿದ ಕಲ್ಲಿನ ಮೇಲೆ ಸುಧೀಂದ್ರನ ಕಾಲು ಜಾರಿತು. ನಡೆದದ್ದು ಅಷ್ಟೇ, ಹೆಚ್ಚೆಂದರೆ ಅರ್ಧ ನಿಮಿಷ. ಉಳಿದದ್ದು ಕಲ್ಮೇಶ ಮಾಡಿದ್ದು.

"ಸೊಂಟದ ಮಟ್ಟ ನೀರು ರೀ," ಎಂದು ಅವನು ಊಟದ ತಟ್ಟೆ ಹಿಡಿದುಕೊಂಡೇ ಶುರುಮಾಡುತ್ತಿದ್ದ. "ನನ್ನ ಸೊಂಟ ಅಲ್ಲ, ಇವನ ಸೊಂಟ. ಎದ್ದು ನಿಂತ್ರ ಮುಗೀತು. ಈ ಮನಶ್ಯಾ ನನ್ನ ಕುತ್ತಿಗಿಗೆ ಜೋತು ಬಿದ್ದು ಏನಂತಾನ ಹೇಳ್ರಿ. ಅಮ್ಮಾ, ನಿಖಿತಾ, ಅಮ್ಮಾ. ನೋಡ್ರಿ ಮತ್ತ, ಹೆಂಡತಿ ಒಮ್ಮಿ, ಅವ್ವ ಎರಡು ಸಲ. ಸಾಯೋ ಹೊತ್ತಿನ್ಯಾಗೂ ಯಾರು ಹೆಚ್ಚು ಅಂತ ಮರ್ತಿಲ್ಲ."

ಆಸ್ಟಿನ್‌ನ ಯುಗಾದಿಯಲ್ಲಿ ಈ ಕತೆ ನಡೆಯಿತು, ಡಲ್ಲಸ್‌ನ ರಾಜ್ಯೋತ್ಸವದಲ್ಲಿ ನಡೆಯಿತು, ಹ್ಯೂಸ್ಟನ್‌ನ ಎಷ್ಟೋ ಗೃಹಪ್ರವೇಶಗಳಲ್ಲಿ ಹೋಳಿಗೆಯ ಜೊತೆ ಬಡಿಸಲ್ಪಟ್ಟಿತು. ಪಕ್ಕದಲ್ಲಿ ನಿಂತವರ ಕುತ್ತಿಗೆಗೆ ಜೋತುಬಿದ್ದು ಕಲ್ಮೇಶ ಅಭಿನಯಿಸುತ್ತಿದ್ದ. ಪ್ರತಿಸಲವೂ ಸುಧೀಂದ್ರ ಉಳಿದವರಿಗಿಂತ ಅರ್ಧ ಕ್ಷಣ ಮೊದಲೇ ನಕ್ಕುಬಿಡುತ್ತಿದ್ದ. ತಡವಾಗಿ ನಕ್ಕರೆ ಜನ ಮುಖ ನೋಡುತ್ತಾರೆ ಎಂಬುದು ಅವನಿಗೆ ಬೇಗ ಗೊತ್ತಾಗಿತ್ತು.

ಮಗಳು ಪ್ರಗತಿಯ ಗ್ರಾಜುಯೇಷನ್ ಪಾರ್ಟಿ ಸೀಡರ್ ಪಾರ್ಕ್ ಊರಿನ ಅವನದೇ ಮನೆಯ ಹಿತ್ತಲಲ್ಲಿ ನಡೆಯಿತು. ಅಂದು ಕಲ್ಮೇಶ ಅವಳ ಗೆಳತಿಯರಿಗಾಗಿ ಅದೇ ಕತೆಯನ್ನು ಇಂಗ್ಲಿಷಿನಲ್ಲಿ ಹೇಳಿದ. ಪ್ರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುಂದಿನ ವಾರ, ಮಳೆಯಲ್ಲಿ ಹೈವೇ ಹತ್ತಬೇಡ ಎಂದು ಅವನು ಹೇಳಿದಾಗ ಕಾರಿನ ಕೀ ಎತ್ತಿಕೊಳ್ಳುತ್ತ, "ರಿಲ್ಯಾಕ್ಸ್ ಅಪ್ಪಾ," ಎಂದವಳು ಇಂಗ್ಲಿಷಿನಲ್ಲಿ ಒಂದು ಮಾತು ಸೇರಿಸಿದಳು, ಬರೀ ಸೊಂಟದ ಮಟ್ಟ ತಾನೆ ಎಂದು. ಅವಳ ಕಾರು ಬೀದಿಯ ತಿರುವು ದಾಟುವವರೆಗೆ ಸುಧೀಂದ್ರ ಬಾಗಿಲಲ್ಲೇ ನಿಂತಿದ್ದ. ಒಳಗೆ ಬಂದಾಗ ತೀರ್ಮಾನ ಆಗಿಹೋಗಿತ್ತು. ಅದಕ್ಕೆ ಅವನು ಒಂದು ಹೆಸರನ್ನೂ ಕೊಡಲಿಲ್ಲ.

ಅವನ ಕೆಲಸವೇ ಅಂಥದ್ದು. ಬೇರೆಯವರು ಮಾಡಿದ ಚಿಪ್ಪಿನ ವಿನ್ಯಾಸ ಎಲ್ಲಿ, ಯಾವಾಗ, ಹೇಗೆ ಕೈಕೊಡಬಹುದು ಎಂದು ಹುಡುಕುವುದು. ಯಾರೂ ಯೋಚಿಸದ ಮೂಲೆಯ ಸಂದರ್ಭಗಳನ್ನು ಅವನು ಯೋಚಿಸುತ್ತಾನೆಂದು ಆಫೀಸಿನಲ್ಲಿ ಹೆಸರಿತ್ತು. ಈ ವಿಷಯವನ್ನೂ ಅದೇ ಕಣ್ಣಿನಿಂದ ನೋಡಿದಾಗ ಮೊದಲು ಹೊಳೆದದ್ದು ಇದು. ಸುಧೀಂದ್ರನಿಗೆ ನೀರೆಂದರೆ ಪ್ರಾಣಭಯ ಎಂಬುದಕ್ಕೆ ಟೆಕ್ಸಾಸಿನ ಮೂರು ಊರುಗಳಲ್ಲಿ ನಾನೂರು ಜನ ಸಾಕ್ಷಿ ಹೇಳಬಲ್ಲರು. ಅಷ್ಟೂ ಜನರನ್ನು ಹನ್ನೆರಡು ವರ್ಷ ತಿದ್ದಿ ತೀಡಿ ತಯಾರು ಮಾಡಿಟ್ಟವನು ಕಲ್ಮೇಶನೇ. ಹಾಗಿದ್ದ ಮೇಲೆ ಅವನು ನೀರಿನಲ್ಲಿ ಸತ್ತರೆ ಜಗತ್ತಿನಲ್ಲಿ ಯಾರ ಮೇಲೆ ಬೇಕಾದರೂ ಅನುಮಾನ ಬಂದೀತು, ಸುಧೀಂದ್ರನ ಮೇಲೆ ಬಾರದು.

ಬೆಳಿಗ್ಗೆ ಆರಕ್ಕೆ ಬೆಂಗಳೂರಿನ ಟೀಮಿನ ಜೊತೆ ಮೀಟಿಂಗ್ ಎಂದು ನಿಖಿತಾಗೆ ಹೇಳಿ ಅವನು ರೌಂಡ್ ರಾಕ್‌ಗೆ ಡ್ರೈವ್ ಮಾಡುತ್ತಿದ್ದ. ಆ ಹೊತ್ತಿನಲ್ಲಿ ಕೊಳಕ್ಕೆ ಬರುತ್ತಿದ್ದವರು ಮಂಡಿನೋವಿನ ಅಮೆರಿಕನ್ ವೃದ್ಧೆಯರು ಮಾತ್ರ. ಮೊದಲ ಮೂರು ವಾರ ಅವನು ಕಟ್ಟೆ ಹಿಡಿದುಕೊಂಡು ನಡುಗಿದ. ಮುಖ ಮುಳುಗಿಸಲು ಒಂದು ತಿಂಗಳು ಹಿಡಿಯಿತು. ಆಮೇಲೆ ನೀರು ಅವನನ್ನು ಒಪ್ಪಿಕೊಂಡಿತು. ವರ್ಷ ತುಂಬುವ ಹೊತ್ತಿಗೆ ಮೂರು ಬೀಸಿಗೆ ಒಮ್ಮೆ ಉಸಿರೆಳೆದುಕೊಳ್ಳುತ್ತ ಸದ್ದಿಲ್ಲದೆ ನಲವತ್ತು ಸುತ್ತು ಹೊಡೆಯುತ್ತಿದ್ದ, ನೀರೊಳಗೆ ಒಂದೂವರೆ ನಿಮಿಷ ಉಸಿರು ಹಿಡಿಯುತ್ತಿದ್ದ. ಮನೆಗೆ ಹೋಗುವ ಮುನ್ನ ಕ್ಲೋರಿನ್ ವಾಸನೆ ಹೋಗುವಂತೆ ಎರಡು ಸಲ ತಲೆ ತೊಳೆಯುತ್ತಿದ್ದ. ಬದುಕಿನಲ್ಲಿ ಅವನು ಇಷ್ಟು ಸಂತೋಷದಿಂದ ಏನನ್ನೂ ಕಲಿತಿರಲಿಲ್ಲ, ಮತ್ತು ಅದನ್ನು ಯಾರಿಗೂ ತೋರಿಸುವಂತಿರಲಿಲ್ಲ.

ಅವಕಾಶವನ್ನೂ ಕಲ್ಮೇಶನೇ ತಂದುಕೊಟ್ಟ. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೊಂದು ಮದುವೆ. ವಾಪಸು ಬರುವಾಗ ಈ ಎರಡು ಮನೆಯವರೂ ಹ್ಯೂಸ್ಟನ್‌ನ ಇನ್ನೊಂದು ಸಂಸಾರವೂ ಥಾಯ್ಲೆಂಡಿನ ಫುಕೆಟ್‌ನಲ್ಲಿ ಮೂರು ದಿನ ಇಳಿಯುವುದು, ಒಂದು ದಿನಕ್ಕೆ ಐಷಾರಾಮಿ ಕ್ಯಾಟಮರಾನ್ ಗೊತ್ತುಮಾಡಿಕೊಂಡು ಸಮುದ್ರದ ಸುಣ್ಣಕಲ್ಲಿನ ದ್ವೀಪಗಳನ್ನು ಸುತ್ತುವುದು. ವಾಟ್ಸಾಪ್ ಗುಂಪಿನಲ್ಲಿ ಅವನು ಬರೆದ: "ಬೋಟ್ ಬುಕ್ ಮಾಡೀನಿ. ಸುಧೀಗೆ ಎರಡು ಲೈಫ್ ಜಾಕೆಟ್ ಹೇಳೀನಿ. ಒಂದು ಅವಗ, ಒಂದು ಅವರ ಅವ್ವಗ." ಎಲ್ಲರೂ ನಗುವ ಮುಖಗಳನ್ನು ಹಾಕಿದರು. ಸುಧೀಂದ್ರ ಮೂರು ಹಾಕಿದ.

ಮುಂದಿನ ಎರಡು ತಿಂಗಳು ಅವನು ಆ ಒಂದು ಗಂಟೆಯನ್ನು ಕಟ್ಟಿದ. ದೋಣಿಯ ನಕ್ಷೆ ಕಂಪನಿಯ ವೆಬ್‌ಸೈಟಿನಲ್ಲೇ ಇತ್ತು. ಜೋಡಿ ಒಡಲಿನ ದೋಣಿ, ಪ್ರತಿ ಒಡಲಿನ ಕೆಳಗೂ ಮಲಗುವ ಕೋಣೆ, ಹಿಂಬದಿಯಲ್ಲಿ ನೇರವಾಗಿ ನೀರಿಗಿಳಿಯುವ ಮೆಟ್ಟಿಲು. ಊಟ ಬಡಿಸುವುದು ಮುಂಭಾಗದ ನೆರಳಿನಲ್ಲಿ. ಅಲ್ಲಿ ಕೂತವರಿಗೆ ಹಿಂದಿನ ಮೆಟ್ಟಿಲು ಕಾಣದು. ಲಂಗರು ಹಾಕುವ ಜಾಗದಿಂದ ದೊಡ್ಡ ಬಂಡೆಯ ತಿರುವಿಗೆ ಎಪ್ಪತ್ತು ಮೀಟರ್. ತಿರುವಿನಾಚೆ ಬಂಡೆಯಡಿಯಲ್ಲಿ ಒಂದು ಸುರಂಗ, ಒಳಗೆ ಕೊಳದಂಥ ಬಯಲು. ನೀರಿಳಿತದ ಹೊತ್ತಿನಲ್ಲಿ ಮಾತ್ರ ಒಬ್ಬ ಮನುಷ್ಯ ತಲೆ ಎತ್ತಿಕೊಂಡು ಅದರೊಳಗೆ ಈಜಬಹುದು. ಇಳಿತದ ಪಟ್ಟಿ ನೋಡಿದ: ಅಂದು ಮಧ್ಯಾಹ್ನ ಹನ್ನೆರಡೂ ಮುಕ್ಕಾಲು. ಬಾವಿಯಲ್ಲಿ ಈಜು ಕಲಿತ ಕಲ್ಮೇಶ ಲೈಫ್ ಜಾಕೆಟ್ಟನ್ನು ಮುಟ್ಟುವವನಲ್ಲ, ಊಟಕ್ಕೆ ಮುಂಚೆ ಈಜದೆ ಕೂರುವವನೂ ಅಲ್ಲ. ಸುರಂಗದೊಳಗೆ ಹೋಗೇ ಹೋಗುತ್ತೇನೆಂದು ತಿಂಗಳಿಂದ ಹೇಳುತ್ತಿದ್ದ. ಹಿಂದಿನಿಂದ ಎರಡೂ ಕಾಲು ಹಿಡಿದು ಕೆಳಗೆಳೆದರೆ ಸಾಕು. ಹೋಗಿ ಬರಲು ಹದಿಮೂರು ನಿಮಿಷ. ಒದ್ದೆ ತಲೆಗೆ ವಾಂತಿ ಮಾಡಿ ಮುಖ ತೊಳೆದೆನೆಂಬ ಕಾರಣ. ತೊಟ್ಟದ್ದರಂಥದ್ದೇ ಇನ್ನೊಂದು ಚಡ್ಡಿ, ಒಣಗಿದ್ದು, ಕೋಣೆಯಲ್ಲಿ.

ಆ ದಿನ ಸಮುದ್ರ ಎಣ್ಣೆ ಸುರಿದಂತೆ ಮಲಗಿತ್ತು. ಹಸಿರು ಹೊದ್ದ ಬಂಡೆಗಳು ನೀರಿನಿಂದ ನೇರ ಎದ್ದು ನಿಂತಿದ್ದವು, ಬುಡದಲ್ಲಿ ಅಲೆ ಕೊರೆದ ಬಿಳಿ ಗಾಯ. ಸುಧೀಂದ್ರ ಹತ್ತಿದ ಕೂಡಲೇ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡ.

"ಇನ್ನೂ ಹಗ್ಗ ಬಿಚ್ಚಿಲ್ಲೋ ಸುಧೀ," ಎಂದ ಕಲ್ಮೇಶ. "ದಂಡಿಗೆ ಕಟ್ಟಿದ ಬೋಟಿನ್ಯಾಗ ವಾಂತಿ ಮಾಡ್ಕೊಂಡಂವ ಅಂತ ಇನ್ನೊಂದು ಕತಿ ಕೊಡ್ತೀಯೇನು ನನಗ?"

"ಸುಮ್ಮನಿರ್ರಿ ನೀವು," ಎಂದು ಅವನ ಹೆಂಡತಿ ಮಧುಶ್ರೀ ಗದರಿದಳು. "ಅಣ್ಣಾ, ಒಳಗ ಹೋಗಿ ಅಡ್ಡಾಗ್ರಿ. ಮುಖ ಎಷ್ಟು ಬಾಡೇತಿ ನೋಡ್ರಿ."

"ಮಾತ್ರೆ ತಗೊಂಡ್ರಾ?" ಎಂದು ನಿಖಿತಾ ಕೇಳಿದಳು.

"ತಗೊಂಡೆ. ನನಗೆ ಊಟ ಬೇಡ, ನೀವೆಲ್ಲ ಮಾಡಿ. ಒಂದು ಗಂಟೆ ಮಲಗಿದ್ರೆ ಸರಿಹೋಗುತ್ತೆ. ಎಬ್ಬಿಸಬೇಡಿ."

ಲಂಗರು ಇಳಿದ ಸದ್ದು ಅವನಿಗೆ ಕೋಣೆಯಲ್ಲಿ ಬೆನ್ನಿನಡಿ ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಾಗಿಲು ಸರಿಯಿತು. ಬರೀ ಮೈಯ ಕಲ್ಮೇಶ, ಕೈಯಲ್ಲಿ ನೀರಿನ ಬಾಟಲಿ. ಅದನ್ನು ದಿಂಬಿನ ಪಕ್ಕ ಇಟ್ಟ.

"ನೀ ಬಂದಿದ್ರ ಚೊಲೋ ಇತ್ತಲೇ. ಕೈ ಹಿಡ್ಕೊಂಡು ಒಳಗ ಕರ್ಕೊಂಡು ಹೋಗ್ತಿದ್ದೆ."

ಆ ಕ್ಷಣ ದೋಣಿ ಅಲುಗಲಿಲ್ಲ. ಸುಧೀಂದ್ರನ ಬಾಯಿಯವರೆಗೆ ಏನೋ ಬಂದು ನಿಂತಿತು. ಅವನು ಅದನ್ನು ನುಂಗಿಕೊಂಡು, "ನೀನು ಹೋಗಿ ಬಾ," ಎಂದ.

ನೀರಿಗೆ ಬಿದ್ದ ಸದ್ದು ಕೇಳಿಸಿತು. ಉಳಿದವರು ದೋಣಿಯ ಸುತ್ತಲೇ ಜಾಕೆಟ್ ತೊಟ್ಟು ತೇಲಿ, ಊಟಕ್ಕೆ ಕರೆದಾಗ ಒಬ್ಬೊಬ್ಬರಾಗಿ ಹತ್ತಿದರು. "ಅವರನ್ನ ಬಿಡ್ರಿ, ಹಸಿವಾದ್ರ ತಾವಽ ಬರ್ತಾರ," ಎಂದ ಮಧುಶ್ರೀಯ ದನಿ ಮುಂಭಾಗದ ಕಡೆ ಹೋಯಿತು. ತಟ್ಟೆಗಳ ಸದ್ದು ಶುರುವಾದ ಮೇಲೆ ಅವನು ಎದ್ದ. ಮೆಟ್ಟಿಲಿಳಿದ. ನೀರು ಬೆಚ್ಚಗಿತ್ತು.

ಒಂದೇ ಒಂದು ತಪ್ಪಾಯಿತು. ತಿರುವು ದಾಟಿ ಅವನು ಸುರಂಗದ ಬಾಯಿ ಮುಟ್ಟುವ ಮೊದಲೇ ಕಲ್ಮೇಶ ಹೊರಬಂದುಬಿಟ್ಟ. ಹತ್ತು ಮೀಟರ್ ಅಂತರದಲ್ಲಿ ಇಬ್ಬರೂ ಮುಖಾಮುಖಿಯಾದರು. ಸುಧೀಂದ್ರನ ಕೈಕಾಲು ಒಮ್ಮೆಗೇ ಕಟ್ಟಿದವು, ಒಂದು ಗುಟುಕು ಉಪ್ಪುನೀರು ಕುಡಿದ. ಕಲ್ಮೇಶನ ಮುಖ ಬಿಳಿಚಿಕೊಂಡಿತು.

"ಸುಧೀ, ಹೆಂಗ ಬಿದ್ದ್ಯೋ? ಹೆದರಬ್ಯಾಡ, ಬಂದೆ. ಕೈಕಾಲು ಬಡೀಬ್ಯಾಡ. ನನ್ನ ಕುತ್ತಿಗಿ ಹಿಡ್ಕೋ."

ಅವನು ತಾನಾಗಿ ಬಂದ. ಬೆನ್ನು ತಿರುಗಿಸಿ, ಕುತ್ತಿಗೆ ಕೊಟ್ಟ.

ಸುಧೀಂದ್ರ ಹಿಡಿದುಕೊಂಡ. ತೋಳು ಕಟ್ಟಿ, ಕಾಲನ್ನು ಸೊಂಟಕ್ಕೆ ಸುತ್ತಿ, ಎದೆ ತುಂಬ ಉಸಿರೆಳೆದುಕೊಂಡು ತನ್ನ ಭಾರವನ್ನೆಲ್ಲ ಬಿಟ್ಟ. ಇಬ್ಬರೂ ಕೆಳಗಿಳಿದರು. ಬಲವಾದ ಆಳು, ಮೊಣಕೈಯಿಂದ ಒಂದು ಏಟು ಕೊಟ್ಟಿದ್ದರೆ ಬಿಡಿಸಿಕೊಳ್ಳಬಹುದಿತ್ತು. ಅವನು ಹೊಡೆಯಲಿಲ್ಲ. ಗಾಬರಿಯಾದವನಿಗೆ ಪೆಟ್ಟಾಗಬಾರದೆಂಬಂತೆ ಮೇಲಕ್ಕೆ ಒದೆಯುತ್ತಲೇ ಇದ್ದ. ನಡುವೆ, ಮಗುವನ್ನು ಸಮಾಧಾನ ಮಾಡುವ ಹಾಗೆ, ಸುಧೀಂದ್ರನ ಕೈಯ ಮೇಲೆ ಎರಡು ಸಲ ತಟ್ಟಿದ. ಆಮೇಲೆ ಅವನಿಗೆ ಅರ್ಥವಾಯಿತು. ಆಗ ಹೊಡೆದ, ಆದರೆ ಆ ಏಟುಗಳಲ್ಲಿ ಏನೂ ಉಳಿದಿರಲಿಲ್ಲ. ಸುಧೀಂದ್ರ ಎಂಬತ್ತರವರೆಗೆ ಎಣಿಸಿ ಬಿಟ್ಟ.

ಅವನು ವಾಪಸು ಈಜಿದ. ಮುಖ ನೀರೊಳಗೆ, ಮೂರು ಬೀಸಿಗೆ ಒಂದು ಉಸಿರು, ಉಸಿರಿಗೆ ಬಂಡೆಯ ಕಡೆಗೇ ತಿರುಗುವುದು. ಇಷ್ಟು ಚೆನ್ನಾಗಿ ಅವನು ರೌಂಡ್ ರಾಕ್‌ನಲ್ಲೂ ಎಂದೂ ಈಜಿರಲಿಲ್ಲ. ಕಿವಿ ಮೇಲೆ ಬಂದಾಗಲೆಲ್ಲ ಏನೋ ಕೂಗು, ಒಂದು ಎಂಜಿನ್ನಿನ ಸದ್ದು. ಬೇರೆ ಯಾವುದೋ ದೋಣಿ ಇರಬೇಕು ಎಂದುಕೊಂಡ. ಎಪ್ಪತ್ತು ಮೀಟರನ್ನೂ ಹಾಗೆಯೇ ಮುಗಿಸಿ, ಮೆಟ್ಟಿಲಿಗೆ ಕೈ ಚಾಚಿ, ತಲೆ ಎತ್ತಿದ.

ಕಂಬಿಯುದ್ದಕ್ಕೂ ಎಲ್ಲರೂ ಸಾಲಾಗಿ ನಿಂತು ಅವನನ್ನೇ ನೋಡುತ್ತಿದ್ದರು. ನಿಖಿತಾ ಅಳುತ್ತಿದ್ದಳು. ಪ್ರಗತಿಯ ಕೈಯಲ್ಲಿ ಫೋನಿತ್ತು. ತಿರುವಿನಿಂದ ಮೆಟ್ಟಿಲವರೆಗೆ ಅಪ್ಪ ಈಜಿ ಬಂದದ್ದನ್ನು ಅವಳು ನಗುತ್ತ, ಅಳುತ್ತ ಹಿಡಿದುಕೊಂಡಿದ್ದಳು. ಎಲ್ಲರಿಗಿಂತ ಮುಂದೆ ಮಧುಶ್ರೀ, ಕೈಯಲ್ಲಿ ಮೊಸರನ್ನದ ತಟ್ಟೆ. ಬರಿಹೊಟ್ಟೆಯಲ್ಲಿ ಮಲಗಬಾರದೆಂದು ದೋಣಿಯವರ ಅನ್ನಕ್ಕೆ ಮೊಸರು ಕಲಸಿ ಅವನ ಕೋಣೆಗೆ ಒಯ್ದವಳು ಅವಳೇ. ಹಾಸಿಗೆ ಖಾಲಿ, ಬಚ್ಚಲು ಖಾಲಿ. ಈಜು ಬಾರದವನು ಇನ್ನೆಲ್ಲಿ ಇರಬಲ್ಲ ಎಂದು ಅವಳು ಕೂಗಿಕೊಂಡಿದ್ದಳು, ಕ್ಯಾಟಮರಾನಿಗೆ ಕಟ್ಟಿದ್ದ ಸಣ್ಣ ಎಂಜಿನ್ ದೋಣಿ ಅವನನ್ನು ಹುಡುಕಲು ಬಂಡೆಯನ್ನು ಇನ್ನೊಂದು ಬದಿಯಿಂದ ಬಳಸಿ ಸುರಂಗದ ಕಡೆಗೆ ಹೋಗಿತ್ತು. ಎಲ್ಲ ಮೂಲೆಗಳನ್ನೂ ನೋಡಿದ್ದ ಸುಧೀಂದ್ರನಿಗೆ, ಊಟ ಬೇಡ ಎಂದು ಮಲಗಿದವನನ್ನು ತಮ್ಮ ಜನ ಎಂದೂ ಹಾಗೇ ಬಿಟ್ಟಿದ್ದಿಲ್ಲ ಎಂಬುದು ಮಾತ್ರ ಹೊಳೆದಿರಲಿಲ್ಲ. ಜಾರಿ ಬಿದ್ದೆ, ಕಲ್ಮೇಶ ಉಳಿಸಲು ಬಂದ ಎಂದು ಹೇಳಬಹುದಿತ್ತು, ಕೈಕಾಲು ಬಡಿಯುತ್ತ ಬಂದಿದ್ದರೆ. "ಅಣ್ಣಾ, ನಿಮಗ ಈಜು ಬರ್ತದ?" ಎಂದು ಮಧುಶ್ರೀ ಸಂತೋಷದಿಂದ ಕೇಳಿದಳು, ಆಮೇಲೆ ಅವನ ಹಿಂದಿನ ನೀರಿನತ್ತ ನೋಡುತ್ತ, "ನಮ್ಮವರು?" ಎಂದಳು. ಬಂಡೆಯಾಚೆಯಿಂದ ಸಣ್ಣ ದೋಣಿಯವನು ಏನೋ ಕೂಗಿದ. ಸುಧೀಂದ್ರ ಮೆಟ್ಟಿಲು ಹಿಡಿದುಕೊಂಡೇ ಇದ್ದ. ಹನ್ನೆರಡು ವರ್ಷಗಳಲ್ಲಿ ಒಂದು ಸಲವೂ, ಇಬ್ಬರೇ ಇದ್ದಾಗಲೂ, ಆ ಕತೆ ಹೇಳಬೇಡ, ನನಗೆ ನೋವಾಗುತ್ತದೆ ಎಂದು ಅವನು ಕಲ್ಮೇಶನಿಗೆ ಹೇಳಿರಲಿಲ್ಲ.