ಮಲಗಿದ ಸೆಟ್ಟಿ

ಲೀಲಮ್ಮನ ಪಟ್ಟದ ಗೊಂಬೆಗಳು ಕಾಣೆಯಾದದ್ದು ೨೦೦೭ರ ನವರಾತ್ರಿಯ ಎಂಟನೆಯ ದಿನ, ಮಯೂರ್ ವಿಹಾರದ ಮೂರನೆಯ ಮಹಡಿಯಲ್ಲಿ. ಸರಳಾ ಅರಿಸಿನ ಕುಂಕುಮಕ್ಕೆಂದು ಹೋದಾಗ ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿಯರ ಜಾಗ ಬರಿದಾಗಿತ್ತು. ಕೆಳಗಿನ ಮೆಟ್ಟಿಲಲ್ಲಿ ಸೆಟ್ಟಿ ಗೊಂಬೆ, ಮಡಿಸಿದ ರವಿಕೆ ಕಣದ ಮೇಲೆ ತಲೆಯಿಟ್ಟು ಮಲಗಿತ್ತು. ಪಕ್ಕದಲ್ಲೊಂದು ರಟ್ಟಿನ ಚೀಟಿ. ಅದರ ಮೇಲೆ ಹಿಂದಿ ಅಕ್ಷರದಲ್ಲಿ ‘ಬಾ’.

"ಎದುರುಮನೆ ಬಾ ಹತ್ರ ಇಟ್ಟಿದ್ದ ನಮ್ಮನೆ ಬೀಗದಕೈಗೆ ನಾನೇ ಕಟ್ಟಿದ ಚೀಟಿ ಇದು," ಲೀಲಮ್ಮ ಚೀಟಿ ಎತ್ತಿ ತೋರಿಸಿದಳು. "ನಾನು ಹೂ ತರೋದ್ರೊಳಗೆ ಬಳಿದುಕೊಂಡು ಹೋಗಿದ್ದಾಳೆ! ಸಂಜೆ ಆರತಿಯೊಳಗೆ ವಾಪಸ್ ಬರದಿದ್ರೆ ಪೊಲೀಸ್!"

ಗುಜರಾತಿಯಲ್ಲಿ ಬಾ ಎಂದರೆ ತಾಯಿ. ಎಪ್ಪತ್ತು ದಾಟಿದ ಆಕೆಯನ್ನು ಇಡೀ ಸೊಸೈಟಿ ಹಾಗೇ ಕರೆಯುತ್ತಿತ್ತು. ಸರಳಾ ದೆಹಲಿಗೆ ಬಂದ ಹೊಸತರಲ್ಲಿ ಜ್ವರ ಬಂದಾಗ ಖಿಚಡಿ ತಂದು ತಿನ್ನಿಸಿದವಳು. ಈಗ ಸರಳಾ ಎದುರುಮನೆಗೆ ಹೋಗಿ ನೋಡಿದರೆ ತನ್ನ ಮಂಚದ ಅಂಚಿನಲ್ಲಿ ಬೀಗದಕೈ ಹಿಡಿದು ಕುಳಿತಿದ್ದಳು. "ಮೈನೇ ನಹೀ ಲಿಯಾ, ಬೇಟಾ." ತಾನು ತೆಗೆದುಕೊಂಡಿಲ್ಲ ಎಂದಷ್ಟೇ; ಮತ್ಯಾರು ಎಂದರೆ ತುಟಿ ಬಿಚ್ಚಲಿಲ್ಲ.

ಸರಳಾ ನೆಲಮಹಡಿಗೆ ಓಡಿದಳು. ಯಾರ ಮನೆಯಲ್ಲಿ ಏನು ಕಳೆದರೂ ಜನ ಹೋಗುತ್ತಿದ್ದುದು ಮೇಜರ್ ಅಚ್ಚಪ್ಪನವರ ವಿಧವೆ ಕಾವೇರಮ್ಮನ ಬಳಿಗೇ. ಸರಳಾ ಕಂಡದ್ದನ್ನೆಲ್ಲ ಹೇಳಿದಳು.

"ಆಂಟಿ, ಬಾ ಅಂದ್ರೆ ನಮ್ಮಲ್ಲಿ ಕರೆಯೋದು. ಆ ಚೀಟಿಗೆ ಬೇರೆ ಅರ್ಥ ಇರಬಹುದಲ್ವಾ?"

"ಇಲ್ಲಮ್ಮ. ಚೀಟಿ ಎದುರುಮನೆ ಬಾ ಹೆಸರಿಂದೇ, ಬೀಗದಕೈಯೂ ಆಕೆಯ ಹತ್ರದ್ದೇ. ಪದದ ಬೆನ್ನು ಹತ್ತಬೇಡ. ಸೆಟ್ಟಿ ಬಿದ್ದಿದ್ದನೋ, ಮಲಗಿದ್ದನೋ?"

"ಮಲಗಿದ್ದ. ರವಿಕೆ ಕಣದ ಮೇಲೆ."

"ನೀವು ಗೊಂಬೆ ಮಲಗಿಸೋದು ಯಾವತ್ತು?"

"ವಿಜಯದಶಮಿ ರಾತ್ರಿ. ಒಂದನ್ನಾದ್ರೂ ಮಲಗಿಸದೆ ಯಾವುದನ್ನೂ ಎತ್ತೋ ಹಾಗಿಲ್ಲ. ಲೀಲಮ್ಮನವರಂತೂ ಬಾಗಿಲು ಹಾಕಿಕೊಂಡು, ಮನೆ ಹೆಂಗಸರು ಮಾತ್ರ..." ಸರಳಾ ಮಾತು ನಿಲ್ಲಿಸಿದಳು. ಆ ಮನೆಯ ಇನ್ನೊಬ್ಬ ಹೆಂಗಸು ಮಗಳು ಹಂಸಾ. ಪಟ್ಟದ ಗೊಂಬೆ ಅವಳ ಮದುವೆಯಲ್ಲಿ ಕೊಡಲೆಂದೇ ಇಟ್ಟುಕೊಂಡದ್ದು. ಎರಡು ವರ್ಷದ ಹಿಂದೆ ಹೇಳದೆ ಪಂಜಾಬಿ ಹುಡುಗನನ್ನು ಮದುವೆಯಾಗಿ ಫರೀದಾಬಾದಿಗೆ ಹೋದ ಮೇಲೆ ಅವಳ ಹೆಸರನ್ನು ಅಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಕಾವೇರಮ್ಮ ಆಗಲೇ ಫೋನಿಗೆ ಕೈ ಹಾಕಿದ್ದರು.

ಸಂಜೆ ಎಲ್ಲರೂ ಗೊಂಬೆಗಳ ಮುಂದೆ ಸೇರಿದರು. ಬಾ ಬಾಗಿಲ ಬಳಿ ತಲೆ ತಗ್ಗಿಸಿ ಕುಳಿತಿದ್ದಳು.

"ಬಾಗಿಲು ತೆಗೆದದ್ದು ಬಾ, ನಿಜ," ಕಾವೇರಮ್ಮ ಶುರುಮಾಡಿದರು. "ಬೀಗದಕೈ ಹಿಡಿದು ಇಲ್ಲಿ ನಿಂತಾಗ ಚೀಟಿ ಕಳಚಿ ಬಿತ್ತು. ಆದರೆ ಈ ಶಾಸ್ತ್ರ ಆಕೆ ಕಂಡವಳಲ್ಲ. ಕದಿಯೋ ಅವಸರದಲ್ಲೂ ಸೆಟ್ಟಿಗೆ ತಲೆದಿಂಬು ಕೊಟ್ಟು ಮಲಗಿಸಿದವಳು ಈ ಮನೇಲಿ ಬೆಳೆದವಳು. ಯಾರಿಗೂ ಹೇಳಬೇಡ ಅಂತ ಬಾ ಹತ್ರ ಕೇಳಿಕೊಂಡಿದ್ದಳಂತೆ, ಅವಳೇ ಫೋನಲ್ಲಿ ಹೇಳಿದಳು. ಅದಕ್ಕೇ ಬಾ ಕಳ್ಳಿ ಅನ್ನಿಸಿಕೊಂಡ್ರೂ ಬಾಯಿ ಬಿಡಲಿಲ್ಲ." ಅವರು ಲೀಲಮ್ಮನತ್ತ ತಿರುಗಿದರು. "ಸೆಟ್ಟಿಯನ್ನ ನೋಡಿದ ಕೂಡಲೇ ನಿಮಗೂ ಗೊತ್ತಾಗಿತ್ತು. ಮಗಳ ಹೆಸರು ಹೇಳೋದಕ್ಕಿಂತ ಎದುರುಮನೆಯವಳನ್ನ ಕಳ್ಳಿ ಅನ್ನೋದು ಸುಲಭವಾಯ್ತು, ಅಲ್ವಾ?"

ಲೀಲಮ್ಮ ಸೆಟ್ಟಿಯತ್ತ ನೋಡಿದಳು. ಆರತಿ ತಟ್ಟೆ ಹಿಡಿದ ಕೈ ಕೆಳಗಿಳಿಯಿತು. ತಾನೂ ಎಷ್ಟು ಸಲ ಹೀಗೆ ಸುಲಭದ ಹೆಸರನ್ನು ಆರಿಸಿಕೊಂಡಿದ್ದೇನೋ ಎನ್ನಿಸಿ ಸರಳಾ ಕಣ್ಣು ತಪ್ಪಿಸಿದಳು.

ಹೊಸ್ತಿಲಾಚೆ ಹಂಸಾ ನಿಂತಿದ್ದಳು. ಒಂದು ಕಂಕುಳಲ್ಲಿ ಮಗು, ಇನ್ನೊಂದರಲ್ಲಿ ಸೀರೆಯಲ್ಲಿ ಸುತ್ತಿದ ರಾಜ ರಾಣಿ.

"ಇವಳಿಗೆ ಮೊದಲ ನವರಾತ್ರಿ, ಅಮ್ಮಾ. ಕೇಳಿದ್ರೆ ಕೊಡ್ತಿದ್ಯಾ?"

ಲೀಲಮ್ಮ ತಟ್ಟೆ ಕೆಳಗಿಟ್ಟಳು. ಕೊನೆಗೆ ಒಂದೇ ಒಂದು ಮಾತು ಹೊರಬಂತು: "ಬಾ."

ಹಂಸಾ ಹೊಸ್ತಿಲು ದಾಟಿದಳು. ತನ್ನನ್ನೇ ಕರೆದದ್ದೆಂದುಕೊಂಡ ಮುದುಕಿಯೂ ಗೋಡೆ ಹಿಡಿದು ಎದ್ದಳು. ಲೀಲಮ್ಮ ಅವಳನ್ನು ತಿದ್ದಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ ಮುದುಕಿಯ ಕೈ ಹಿಡಿದುಕೊಂಡಳು.