ತಾರೀಖಮ್ಮನ ಸಹಿ

ಬೇಸಿಗೆ ಕಾಲಿಟ್ಟಿತ್ತು. ಬಿಸಿಲಿಗೆ ಗೋಡೆಯ ಚೀಟಿಗಳು ಅಂಟು ಬಿಟ್ಟು ಸುರುಳಿಯಾಗುತ್ತಿದ್ದವು. ಬೆಳಗಿನಿಂದ ಅವಳು ಒಂದೊಂದನ್ನೇ ಒತ್ತಿ ಮತ್ತೆ ಅಂಟಿಸುತ್ತಿದ್ದಳು.

ಮೂರು ಸಿನಿಮಾ ಸರಣಿಗಳನ್ನು ಸೇರಿಸಿ ಒಂದೇ ಕಥಾಲೋಕ ಮಾಡಲು ಕಂಪನಿ ಹೊರಟಿತ್ತು. ಅವುಗಳಲ್ಲಿ ಡಾಕ್ಟರಮ್ಮನ ಸರಣಿಯನ್ನು ಬರೆಯುತ್ತಿದ್ದವಳು ಅವಳೇ. ಯಾವ ಪಾತ್ರ ಯಾವ ದಿನ ಎಲ್ಲಿತ್ತು, ಯಾರಿಗೆ ಎಲ್ಲಿ ಗಾಯವಾಗಿತ್ತು... ಎಲ್ಲವೂ ಅವಳ ಗೋಡೆಯ ಮೇಲಿತ್ತು. ಅವಳ ಸಹಿ ಬೀಳದೆ ಒಂದು ದೃಶ್ಯವೂ ಚಿತ್ರೀಕರಣಕ್ಕೆ ಹೋಗುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ‘ತಾರೀಖಮ್ಮ’.

ಹಿಂದಿನಿಂದ ಯಾರದೋ ಕೈ ಬಂದು ಒಂದು ಚೀಟಿ ಕಿತ್ತಿತು.

“ಕೈ ತೆಗೀರಿ!”

ಪತ್ತೇದಾರ ಸರಣಿಯ ಬರಹಗಾರ ಬೆಚ್ಚಿಬಿದ್ದ. ಹೊಸದಾಗಿ ಬಂದವನು. “ನಿಮ್ಮ ಡಾಕ್ಟರಮ್ಮನ್ನ ನಮ್ಮ ಕಥೆಗೆ ಕಳಿಸ್ತೀರಾ ಅಂತ ಕೇಳೋಣ ಅಂತ...”

“ಒಂಬತ್ತು ವರ್ಷ ಸಾಕಿದೀನಿ ಅವಳನ್ನ. ಕರೆದವರ ಹಿಂದೆಲ್ಲ ಹೋಗೋಳಲ್ಲ.”

“ಹಾಗಾದ್ರೆ ನಾವೇ ಬರ್ತೀವಿ ಬಿಡಿ!”

ಅವನು ನಕ್ಕ. ಅವಳು ಗೋಡೆಯ ಕಡೆ ತಿರುಗಿಕೊಂಡಳು. ಕೆನ್ನೆ ಬಿಸಿಯಾಗಿತ್ತು.

ಎರಡು ತಿಂಗಳು ಅವನು ದಿನವೂ ಬಂದ. ತಾರೀಖು ಕೇಳುವ ನೆಪದಲ್ಲಿ ಗಂಟೆಗಟ್ಟಲೆ ಕೂತ. ಆಮೇಲೆ ಬರುವುದು ಕಡಿಮೆಯಾಯಿತು.

“ನಿಮ್ಮ ಪತ್ತೇದಾರ ಬೆಟ್ಟ ಹತ್ತೋಕೆ ಹೋಗಿದಾನೆ ಕಣಮ್ಮಾ,” ಎಂದು ಮುದುಕ ಸಂಕಲನಕಾರ ಕಣ್ಣು ಮಿಟುಕಿಸಿದ.

ಬೆಟ್ಟವೆಂದರೆ ಪರ್ವತಾರೋಹಿಗಳ ಸರಣಿ. ಅದನ್ನು ಬರೆಯುವವಳು ಎದುರು ಕೋಣೆಯಲ್ಲಿದ್ದಳು. ಅವಳ ನಗು ಎರಡು ಬಾಗಿಲು ದಾಟಿ ಬರುತ್ತಿತ್ತು. ಈಗ ಅದರ ಜೊತೆ ಅವನ ನಗುವೂ...

‘ನನಗೇನು? ಯಾರು ಯಾರ ಜೊತೆ ನಕ್ಕರೆ ನನಗೇನು?’

ಆದರೂ ಎದ್ದು ಹೋಗಿ ತನ್ನ ಬಾಗಿಲು ಮುಚ್ಚಿದಳು.

ಆ ವಾರವೇ ಎದುರು ಕೋಣೆಯಿಂದ ಒಂದು ದೃಶ್ಯ ಅವಳ ಸಹಿಗೆ ಬಂತು. ಪತ್ತೇದಾರ ಹಗ್ಗ ಹಿಡಿದು ಬಂಡೆ ಹತ್ತುತ್ತಾನೆ, ಎರಡೂ ಕೈಯಲ್ಲಿ!

ಅವಳ ಕಣ್ಣು ತಾನಾಗಿ ಗೋಡೆಗೆ ಹೋಯಿತು. ಬಿಡುಗಡೆಯಾಗಿದ್ದ ಪತ್ತೇದಾರ ಚಿತ್ರದಲ್ಲಿ, ಕಥೆಯ ಲೆಕ್ಕಕ್ಕೆ ಮೂರೇ ದಿನ ಹಿಂದೆ, ಅವನ ಎಡಗೈ ಮುರಿದು ಪಟ್ಟಿ ಹಾಕಿದ್ದರು. ಹೊಸ ಬರಹಗಾರನಿಗೂ ಇದು ಹೊಳೆದಿರಲಿಲ್ಲ; ಚಿತ್ರೀಕರಣಕ್ಕೆ ಮೊದಲು ಹಿಡಿಯಬೇಕಾದವಳು ಅವಳೊಬ್ಬಳೇ.

‘ಹತ್ತಲಿ. ಸಿನಿಮಾ ನೋಡಿದವರೆಲ್ಲ ಬರೆದವಳನ್ನ ಕಂಡು ನಗಲಿ!’

ಸಹಿ ಹಾಕಿದಳು. ಅವಳ ಮೊದಲ ಸುಳ್ಳು ಸಹಿ.

ಬಂಡೆಯ ಮೇಲೆ ನಾಲ್ಕು ದಿನ ಚಿತ್ರೀಕರಣ ನಡೆಯಿತು. ಐದನೆಯ ದಿನ ಆ ಬರಹಗಾರ್ತಿ, ಬಿಸಿಲಿಗೆ ಮೂಗು ಸುಲಿದುಕೊಂಡು, ಇವಳ ಕೋಣೆಗೇ ಬಂದಳು.

“ಅಕ್ಕಾ, ನಿಮ್ಮ ಆ ಮಹಾರಾಯನ್ನ ಸ್ವಲ್ಪ ಹಿಡ್ಕೊಳ್ಳಿ! ತಿಂಗಳಿಂದ ನನ್ನ ತಲೆ ತಿಂತಿದಾನೆ. ಪತ್ತೇದಾರನ್ನ ಬೆಟ್ಟದಿಂದ ಬೇಗ ಇಳಿಸಿಬಿಡು, ಡಾಕ್ಟರಮ್ಮನ ಕಥೆಗೆ ಹೋಗ್ಬೇಕು ಅಂತ ಒಂದೇ ಹಟ. ಯಾರಿಗೋಸ್ಕರ ಅಂತ ನಂಗೇನು ಗೊತ್ತಾಗಲ್ವಾ?”

ತಾರೀಖಮ್ಮ ಪೆನ್ನು ಕೆಳಗಿಟ್ಟಳು.

“ಕೂತ್ಕೋ ತಂಗಿ... ನಾನೊಂದು ತಪ್ಪು ಮಾಡಿದೀನಿ.”

ಎಲ್ಲ ಕೇಳಿದ ಮೇಲೆ ಆ ಹುಡುಗಿ ನಗಲಿಲ್ಲ. ಎದ್ದು, ಅವನಿಗೆ ಹೇಳಲು ನೇರ ಹೋದಳು.

ಸಂಜೆ ಅವನು ಮೆಟ್ಟಿಲ ಮೇಲೆ ಸಿಕ್ಕ.

“ಗೊತ್ತಿದ್ದೂ ಸಹಿ ಹಾಕಿದ್ರಾ? ನೀವಾ?”

“ಹೌದು.”

“ಯಾಕೆ?”

“ಹೊಟ್ಟೆಕಿಚ್ಚು!” ಅವಳು ಮೆಟ್ಟಿಲ ಮೇಲೇ ಕೂತು ಅತ್ತುಬಿಟ್ಟಳು. “ನೀವು ಅವಳ ಜೊತೆ ನಗ್ತಿದ್ರಿ...”

ಅವನು ಬಂದು ಅವಳ ಪಕ್ಕದಲ್ಲಿ ಕೂತ.

“ನಂಗೆ ನೇರವಾಗಿ ಹೇಳೋಕೆ ಬರಲ್ಲ. ಅದಕ್ಕೇ ನಿಮ್ಮ ಡಾಕ್ಟರಮ್ಮನ ಹತ್ರ ಪತ್ತೇದಾರನ್ನ ಕಳಿಸೋಣ ಅಂದ್ಕೊಂಡೆ. ತಪ್ಪು ನಂದೂ ಇದೆ.” ಮತ್ತೆ ಕೇಳಿದ, “ಅವಳು ಕ್ಷಮಿಸಿದ್ಲಾ?”

“ಇಲ್ಲ. ಕ್ಷಮಿಸದೇನೇ ಇರಬಹುದು. ನಾಳೆ ಯಜಮಾನರ ಮುಂದೆ ಹೇಳ್ತೀನಿ, ತಪ್ಪು ಅವಳದಲ್ಲ ಅಂತ. ಕೆಲಸ ಹೋದ್ರೂ ಹೋಗಲಿ.”

“ನಾನೂ ಬರ್ಲಾ?”

“ಬೇಡ. ಇದು ನಂದು.”

“ಬಾಗಿಲ ಹೊರಗಡೆ ನಿಂತಿರ್ತೀನಿ.”

ಅವಳು ಕಣ್ಣೊರೆಸಿಕೊಂಡಳು. “ತುಂಬಾ ಹೊತ್ತಾಗುತ್ತೆ.”

“ಆಗಲಿ ಬಿಡಿ.”